ಕರೆಂಟು ಕೊಡಿಸಿಕೊಂಡರೆ ನೋವು ಹೋಗುತ್ತದೆಯೇ?

ಸೋದರಿಯರೇ, ಇದನ್ನು ಓದುತ್ತಿರುವಾಗಲೇ ಒಂದು ಸಣ್ಣ ಕೆಲಸ ಮಾಡಿ. ಬಲಗೈಯನ್ನು ಬೆನ್ನ ಹಿಂದೆ ತಂದು ಸೀರೆಯ ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಆಯಿತೆ? ಈಗ ಅದೇ ಕೈಯನ್ನು ತಲೆಯ ಹಿಂದೆ ತಂದು ಜಡೆಗೆ ಹೂವು ಮುಡಿಯುವಂತೆ ಮಾಡಿ ನೋಡಿ. ಎರಡೂ ಆಯಿತು ಅನ್ನುವವರು ಅದೃಷ್ಟವಂತರು. ಒಂದೂವರೆ ವರ್ಷ ನನ್ನಿಂದ ಇವೆರಡೂ ಆಗುತ್ತಿರಲಿಲ್ಲ.

ನಮ್ಮದು ಕೊಪ್ಪದಿಂದ ಒಳಗೆ ಒಂದು ಸಣ್ಣ ಹಳ್ಳಿ. ಮುಕ್ಕಾಲು ಪಾಲು ಅಡಿಕೆ, ಉಳಿದದ್ದು ಕಾಫಿ, ಮೆಣಸು. 2023ರ ಕಾರ್ತೀಕದಲ್ಲಿ ಅಡಿಕೆ ಸುಲಿತ ಶುರುವಾದಾಗ ಬಲ ಹೆಗಲು ನೋಯತೊಡಗಿತು. ಸುಲಿಯುವ ಯಂತ್ರ ಬಂದು ಎಷ್ಟೋ ಕಾಲವಾಯಿತು ನಿಜ, ಆದರೂ ಮನೆಮಟ್ಟಿಗೆ ಮೆಟ್ಟುಗತ್ತಿಯ ಮುಂದೆ ಕೂರುವುದು ನಮಗಿನ್ನೂ ಬಿಟ್ಟಿಲ್ಲ. ರಾತ್ರಿ ಹತ್ತರವರೆಗೆ ಬಗ್ಗಿಕೊಂಡು ಕೂತರೆ ಯಾರಿಗೆ ತಾನೆ ಹೆಗಲು ನೋಯುವುದಿಲ್ಲ? ಸುಲಿತ ಮುಗಿದ ಮೇಲೆ ಸರಿಹೋಗುತ್ತದೆ ಅಂದುಕೊಂಡೆ. ಸುಲಿತ ಮುಗಿಯಿತು, ಬೇಯಿಸಿ ಒಣಗಿಸಿ ಮಂಡಿಗೂ ಹೋಯಿತು, ನೋವು ಮಾತ್ರ ಮನೆಯಲ್ಲೇ ಉಳಿಯಿತು. ರಾತ್ರಿ ಬಲಮಗ್ಗುಲಿಗೆ ಹೊರಳಿದರೆ ಎಚ್ಚರ. ಮೇಲಿನ ಗೂಡಿನಿಂದ ಸಾಂಬಾರ ಪುಡಿಯ ಡಬ್ಬಿ ತೆಗೆಯಲು ಕುರ್ಚಿ ಹತ್ತಬೇಕು. ಜಡೆಯನ್ನು ಮಗಳು ಹೆಣೆಯಬೇಕು, ಅವಳು ಕಾಲೇಜಿಗೆ ಹೋದ ಮೇಲೆ ಗಂಟು.

ನೀಲಗಿರಿ ಎಣ್ಣೆ, ಮಹಾನಾರಾಯಣ ತೈಲ, ಉಪ್ಪಿನ ಶಾಖ ಎಲ್ಲ ಆಯಿತು. ಮೆಡಿಕಲ್ ಶಾಪಿನಿಂದ ತಂದ ನೋವಿನ ಮಾತ್ರೆ ನುಂಗಿ ನುಂಗಿ ಹೊಟ್ಟೆಯುರಿ ಹತ್ತಿತು. ಆಗ ನಮ್ಮವರ ಸ್ನೇಹಿತರೊಬ್ಬರು, "ಸುಮ್ಮನೆ ಯಾಕೆ ಒದ್ದಾಡ್ತೀರಿ ಅತ್ತಿಗೆ, ಹತ್ತು ದಿನ ಕರೆಂಟು ಕೊಡಿಸಿ" ಅಂದರು.

ಅತ್ತೆಯವರು ಜಗುಲಿಯಿಂದಲೇ ಕೂಗಿದರು: "ಕರೆಂಟು ಹೊಡೆದು ಸತ್ತವರನ್ನ ನೋಡಿದ್ದೇನೆ. ಕರೆಂಟು ಹೊಡೆಸಿಕೊಂಡು ವಾಸಿಯಾದವರನ್ನ ಇನ್ನೂ ನೋಡಿಲ್ಲ ಮಾರಾಯ್ತಿ!"

ಅವರನ್ನು ನಗುವ ಹಾಗಿಲ್ಲ. ಅಲ್ಯೂಮಿನಿಯಂ ದೋಟಿ ತಂತಿಗೆ ತಾಗಿ ಜೀವ ಹೋದ ಸುದ್ದಿ ಕೇಳದ ಮನೆ ನಮ್ಮ ಕಡೆ ಇಲ್ಲ. ಮಳೆಗಾಲದಲ್ಲಿ ತುಂಡಾಗಿ ಬಿದ್ದ ತಂತಿ ಅಂದರೆ ದನಕರುವಿಗೂ ಭಯ. ಅಂಥದ್ದರಲ್ಲಿ ದುಡ್ಡು ಕೊಟ್ಟು ಮೈಗೆ ಕರೆಂಟು ಹಿಡಿಸಿಕೊಳ್ಳುವುದೆಂದರೆ! ಆದರೂ ಹೋದೆ.

ಹತ್ತು ದಿನದ ಲೆಕ್ಕ

ಹೋದ ಜಾಗದ ಹೆಸರು ಬೇಡ. ಮಂಚದ ಮೇಲೆ ಮಲಗಿಸಿದರು. ಹೆಗಲಿನ ಸುತ್ತ ನಾಲ್ಕು ಕಪ್ಪು ರಬ್ಬರ್ ಬಿಲ್ಲೆಗಳನ್ನು ಅಂಟಾದ ಜೆಲ್ಲಿ ಹಚ್ಚಿ ಕಟ್ಟಿದರು. ಗುಂಡಿ ತಿರುಗಿಸಿದಾಗ ಮೊದಲು ಏನೂ ಇಲ್ಲ, ಆಮೇಲೆ ಕೆಂಜಿಗ ಹರಿದ ಹಾಗೆ, ಆಮೇಲೆ ಹಿತವಾದ ಜುಮು ಜುಮು. ಹುಡುಗ ಹದಿನೈದು ನಿಮಿಷಕ್ಕೆ ಗಡಿಯಾರ ಇಟ್ಟು, ಮೂಲೆಯಲ್ಲಿ ಕೂತು ಮೊಬೈಲು ನೋಡಿದ. ಗಂಟೆ ಹೊಡೆಯಿತು, ಬಿಚ್ಚಿದ, ಮುನ್ನೂರು ರೂಪಾಯಿ, ಮುಂದಿನವರು ಬನ್ನಿ.

ಎದ್ದಾಗ ನೋವು ಅರ್ಧಕ್ಕರ್ಧ ಇಳಿದಿತ್ತು. ನನಗಂತೂ ಮಾಟ ಮಾಡಿದಂತಾಯಿತು. ಆದರೆ ಬಸ್ಸಿಳಿದು, ರಸ್ತೆಯಿಂದ ಮನೆತನಕ ನಡೆದು, ರಾತ್ರಿಯ ಅಡಿಗೆಗೆ ಕೂರುವಷ್ಟರಲ್ಲಿ ನೋವು ತಿರುಗಿ ಬಂದು ಬಾಗಿಲಲ್ಲಿ ನಿಂತಿರುತ್ತಿತ್ತು. ಹತ್ತು ದಿನ ಹೋದೆ. ಮೂರು ಸಾವಿರ ಚಿಕಿತ್ಸೆಗೆ, ಬಸ್ಸಿನ ಖರ್ಚು ಬೇರೆ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪುಕ್ಕಟೆ ಪ್ರಯಾಣದ ಶಕ್ತಿ ಯೋಜನೆ 2023ರ ಜೂನ್‌ನಲ್ಲೇ ಬಂತು, ಆದರೆ ನಮ್ಮ ಒಳಹಳ್ಳಿಗೆ ಬರುವುದು ಖಾಸಗಿ ಬಸ್ಸು. 1991ರಲ್ಲಿ ಕಾರ್ಮಿಕರೇ ಸೇರಿ ಕೊಪ್ಪದಲ್ಲಿ ಕಟ್ಟಿದ ಸಹಕಾರ ಸಾರಿಗೆ 2020ರಲ್ಲಿ ನಿಂತ ಮೇಲೆ ಅದೂ ಕಡಿಮೆಯೇ. ಒಂದು ಬಸ್ಸು ತಪ್ಪಿದರೆ ಮಧ್ಯಾಹ್ನದ ಊಟ ಮನೆಯಲ್ಲಿ ಯಾರು ಬಡಿಸುತ್ತಾರೋ ಅನ್ನುವ ಚಿಂತೆ.

ಹನ್ನೊಂದನೆಯ ದಿನ ನೋಡಿಕೊಂಡರೆ ಕೈ ಮೊದಲು ಎಷ್ಟು ಎತ್ತರ ಏಳುತ್ತಿತ್ತೋ ಅಷ್ಟೇ. ಒಂದು ಬೆರಳಗಲವೂ ಹೆಚ್ಚಿಲ್ಲ. "ಇನ್ನೂ ಹತ್ತು ದಿನ ಮಾಡಿಸಿ" ಅಂದರು. ನಾನು ಬಿಟ್ಟುಬಿಟ್ಟೆ.

ನಿಮ್ಮಲ್ಲೂ ಎಷ್ಟೋ ಜನ ಇಲ್ಲಿಗೇ ಬಿಟ್ಟಿರುತ್ತೀರಿ. 'ಕರೆಂಟು ಕೊಡಿಸಿದೆ, ಏನೂ ಉಪಯೋಗವಿಲ್ಲ' ಅಂತ ಮದುವೆ ಮನೆಯಲ್ಲಿ ಹೇಳಿಯೂ ಇರುತ್ತೀರಿ. ನಾನೂ ಹಾಗೇ ಹೇಳಿಕೊಂಡು ಓಡಾಡಿದವಳೇ. ಆದ್ದರಿಂದಲೇ ಮುಂದಿನ ಕಥೆ ಹೇಳಬೇಕಾಗಿದೆ.

ಗುಂಡಿ ತಿರುಗಿಸುವ ಮುಂಚೆ

ನನ್ನ ತವರು ನರಸಿಂಹರಾಜಪುರದ ಕಡೆ. 2024ರ ಏಪ್ರಿಲ್‌ನಲ್ಲಿ ಅಣ್ಣನ ಮಗನ ಉಪನಯನಕ್ಕೆ ಹೋದವಳು ಎಂಟು ದಿನ ಉಳಿದೆ. ಹೋಳಿಗೆಗೆ ಕಣಕ ನಾದುವಾಗ ನಾನು ಎಡಗೈಯಲ್ಲಿ ನಾದುವುದನ್ನು ಅತ್ತಿಗೆ ನೋಡಿಬಿಟ್ಟರು. ಮಾರನೆಯ ದಿನವೇ ತಮಗೆ ಗೊತ್ತಿದ್ದ ಒಬ್ಬ ಫಿಸಿಯೋಥೆರಪಿಯವಳ ಹತ್ತಿರ ಎಳೆದುಕೊಂಡು ಹೋದರು. ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು ಅಷ್ಟೆ, ಆ ಹುಡುಗಿ.

ಅವಳು ಯಂತ್ರದ ಹತ್ತಿರವೂ ಹೋಗಲಿಲ್ಲ. ಕೂರಿಸಿ ಪ್ರಶ್ನೆ ಕೇಳಿದಳು. ನೋವು ಎಂದಿನಿಂದ? ರಾತ್ರಿ ಹೆಚ್ಚೋ, ಹಗಲೋ? ಕೈಗೆ ಜೋಮು ಹಿಡಿಯುತ್ತದೆಯೇ? ಪಿತ್ತಕೋಶ, ಎದೆ, ಥೈರಾಯಿಡ್ ತೊಂದರೆ ಇದೆಯೇ? ಆಮೇಲೆ ನನ್ನ ಕೈಯನ್ನು ತಾನೇ ಹಿಡಿದು ಮೆಲ್ಲಗೆ ಎತ್ತಿದಳು, ಹೊರಕ್ಕೆ ತಿರುಗಿಸಿದಳು. ತಾನಾಗಿ ಎತ್ತಿದರೂ ಅಷ್ಟೇ, ಬೇರೆಯವರು ಎತ್ತಿದರೂ ಅಷ್ಟೇ, ಒಂದು ಮಿತಿಗೆ ಬಂದು ಬೀಗ ಬಿದ್ದ ಹಾಗೆ ನಿಲ್ಲುತ್ತಿತ್ತು. "ಇದು ಬರೀ ಮಾಂಸದ ನೋವಲ್ಲ ಆಂಟೀ. ಹೆಗಲ ಕೀಲಿನ ಸುತ್ತ ಇರುವ ಚೀಲ ಬಿಗಿದುಕೊಂಡಿದೆ. ಫ್ರೋಜನ್ ಶೋಲ್ಡರ್ ಅನ್ನುತ್ತೇವೆ" ಅಂದಳು. ಕೊನೆಗೆ ಕೇಳಿದಳು: "ಸಕ್ಕರೆ ಪರೀಕ್ಷೆ ಯಾವಾಗ ಮಾಡಿಸಿದ್ದೀರಿ?"

ನಾನು ಮಾಡಿಸಿಯೇ ಇರಲಿಲ್ಲ. ನನಗೆ ನಲವತ್ತೈದು. ತಿಂಗಳು ತಿಂಗಳು ಅತ್ತೆಯವರಿಗೆ ಮಾಡಿಸುತ್ತೇನೆ, ನಮ್ಮವರಿಗೆ ಮಾಡಿಸುತ್ತೇನೆ. ನನ್ನ ರಕ್ತ ಯಾರು ಕೊಡುತ್ತಾರೆ?

ಈ ಹೆಗಲು ಹಿಡಿತ ನಲವತ್ತರಿಂದ ಅರವತ್ತರೊಳಗಿನವರಿಗೆ, ಅದರಲ್ಲೂ ಹೆಂಗಸರಿಗೆ ಹೆಚ್ಚು. ಸಕ್ಕರೆ ಕಾಯಿಲೆಯವರಲ್ಲಿ ಹತ್ತಕ್ಕೊಬ್ಬರಿಗಾದರೂ ಬರುತ್ತದಂತೆ. ಥೈರಾಯಿಡ್ ಹೆಚ್ಚುಕಡಿಮೆ ಇರುವವರಿಗೂ ಬರುವುದುಂಟು. ಪರೀಕ್ಷೆ ಮಾಡಿಸಿದರೆ, ಊಟಕ್ಕೆ ಮುಂಚಿನ ಸಕ್ಕರೆಯೇ ನೂರಾ ಎಪ್ಪತ್ತು ದಾಟಿತ್ತು! ಮೆಟ್ಟುಗತ್ತಿಯ ಮೇಲೆ ತಪ್ಪು ಹೊರಿಸಿ ಆರು ತಿಂಗಳು ಕಳೆದಿದ್ದೆ. ಮೊದಲ ಜಾಗದಲ್ಲಿ ಆ ಹತ್ತು ದಿನದಲ್ಲಿ ಒಬ್ಬರಾದರೂ ಈ ಒಂದು ಪ್ರಶ್ನೆ ಕೇಳಿದ್ದರೆ ಎಂದು ಈಗಲೂ ಅನ್ನಿಸುತ್ತದೆ. ವೈದ್ಯರ ಹತ್ತಿರ ಹೋಗಿ ಮಾತ್ರೆ ಶುರುಮಾಡಿದ್ದು ಆಮೇಲೆ.

ಕರೆಂಟು ಕೊಟ್ಟದ್ದು ಎರಡನೆಯ ದಿನ. ಅದಕ್ಕೂ ಮುಂಚೆ ನನ್ನ ಕಣ್ಣು ಮುಚ್ಚಿಸಿ, ಹೆಗಲಿಗೆ ಒಮ್ಮೆ ಹತ್ತಿ, ಒಮ್ಮೆ ಗುಂಡುಸೂಜಿ ಮುಟ್ಟಿಸಿ, "ಇದು ಮೊಂಡೋ ಚೂಪೋ ಹೇಳಿ" ಅಂದಳು. ಸಕ್ಕರೆಯವರಿಗೆ ಕೆಲವು ಕಡೆ ಸ್ಪರ್ಶ ಮಂದವಾಗಿರುತ್ತದೆ. ಸ್ಪರ್ಶವಿಲ್ಲದ ಚರ್ಮಕ್ಕೆ ಕರೆಂಟು ಹೆಚ್ಚಾದರೂ ತಿಳಿಯದೆ ಸುಟ್ಟುಹೋಗಬಹುದು. ಅದಕ್ಕೇ ಈ ಪರೀಕ್ಷೆ. ನಿಮಗೆ ಕರೆಂಟು ಕೊಡುವವರು ಇದನ್ನು ಮಾಡದಿದ್ದರೆ ನೀವೇ ಕೇಳಿ, ಸಂಕೋಚ ಬೇಡ.

ಹದಿನೈದು ನಿಮಿಷ ಮುಗಿದ ಮೇಲೆ ನಾನು ಚೀಲ ಹಿಡಿದು ಎದ್ದೆ. "ಎಲ್ಲಿಗೆ ಹೊರಟಿರಿ? ಈಗ ಶುರು" ಅಂತ ನಕ್ಕಳು. ನೋವು ತಗ್ಗಿರುವ ಆ ಹೊತ್ತಿನಲ್ಲೇ ಮೇಜು ಹಿಡಿದು ಬಗ್ಗಿ, ಕೈಯನ್ನು ಗಡಿಯಾರದ ಲೋಲಕದ ಹಾಗೆ ಜೋಲುಬಿಟ್ಟು ತೂಗಬೇಕು. ಗೋಡೆಯ ಮೇಲೆ ಬೆರಳುಗಳನ್ನು ಜೇಡದ ಹಾಗೆ ಹತ್ತಿಸಬೇಕು. ಕೋಲು ಹಿಡಿದು ಕೈಯನ್ನು ಹೊರಗೆ ತಳ್ಳಬೇಕು. "ಕರೆಂಟು ನಿಮ್ಮ ಕೈಯನ್ನು ಎತ್ತುವುದಿಲ್ಲ ಆಂಟೀ. ನೀವು ಎತ್ತುವಾಗ ನೋವು ಕೂಗಾಡದ ಹಾಗೆ ಸ್ವಲ್ಪ ಹೊತ್ತು ಹಿಡಿದುಕೊಳ್ಳುತ್ತದೆ, ಅಷ್ಟೆ" ಅಂದಳು.

ಈ ಒಂದು ಮಾತು ನನಗೆ ಮೂರು ಸಾವಿರ ರೂಪಾಯಿ ಕಳೆದ ಮೇಲೆ ಸಿಕ್ಕಿತು. ನಿಮಗೆ ಪತ್ರಿಕೆಯ ಬೆಲೆಗೆ ಸಿಗಲಿ ಅಂತಲೇ ಬರೆಯುತ್ತಿದ್ದೇನೆ.

ಉಣುಗೋಲಿನ ಲೆಕ್ಕಾಚಾರ

ಹಾಗಾದರೆ ಕರೆಂಟು ನೋವನ್ನು ಹಿಡಿದುಕೊಳ್ಳುವುದು ಹೇಗೆ? ನಾನು ಓದಿದ್ದು ಎಸ್.ಎಸ್.ಎಲ್.ಸಿ. ಕೇಳಿ, ಓದಿ ತಿಳಿದುಕೊಂಡಷ್ಟನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ.

ಮೊಣಕೈ ಬಾಗಿಲಿಗೆ ಬಡಿದರೆ ಮೊದಲು ಏನು ಮಾಡುತ್ತೀರಿ? ಗಸಗಸ ಉಜ್ಜಿಕೊಳ್ಳುತ್ತೀರಿ. ಉಜ್ಜಿದರೆ ಹಿತ. ಯಾಕೆ? ಕೆನಡಾದ ಮೆಲ್ಜಾಕ್, ಇಂಗ್ಲೆಂಡಿನ ವಾಲ್ ಎಂಬ ಇಬ್ಬರು ವಿಜ್ಞಾನಿಗಳು 1965ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ನೋವಿನ ಸುದ್ದಿಯನ್ನು ಒಯ್ಯುವುದು ಸಪೂರ ನರಗಳು, ಸ್ಪರ್ಶದ ಸುದ್ದಿ ಒಯ್ಯುವುದು ದಪ್ಪ ನರಗಳು. ಎರಡೂ ಬೆನ್ನುಹುರಿಯಲ್ಲಿ ಒಂದು ಬಾಗಿಲನ್ನು ದಾಟಿ ಮಿದುಳಿಗೆ ಹೋಗಬೇಕು. ನಮ್ಮ ತೋಟದ ಬಾಯಲ್ಲಿ ಇರುವ ಉಣುಗೋಲು ಅಂದುಕೊಳ್ಳಿ. ದಪ್ಪ ನರದ ಸುದ್ದಿ ಬೇಗ ಓಡುತ್ತದೆ. ಅದು ಮೊದಲು ಬಂದು ಗಳು ಅಡ್ಡ ಹಾಕಿದರೆ, ಹಿಂದಿನಿಂದ ಬರುವ ನೋವು ಆಚೆಯೇ ನಿಲ್ಲುತ್ತದೆ, ಬೀಡಾಡಿ ದನ ನಿಂತ ಹಾಗೆ. ಉಜ್ಜುವುದು ಮಾಡುವ ಕೆಲಸವನ್ನೇ ಕರೆಂಟಿನ ಜುಮು ಜುಮು ಎಡೆಬಿಡದೆ ಮಾಡುತ್ತದೆ. ದನ ಸತ್ತಿಲ್ಲ ಎನ್ನುವುದು ನೆನಪಿರಲಿ! ಗಳು ಸರಿಸಿದ ಸ್ವಲ್ಪ ಹೊತ್ತಿಗೆ ಅದು ಒಳಗೆ ಬರುತ್ತದೆ. ಬಸ್ಸಿಳಿದು ಮನೆ ಮುಟ್ಟುವಷ್ಟರಲ್ಲಿ ನನ್ನ ನೋವು ತಿರುಗಿ ಬರುತ್ತಿದ್ದದ್ದು ಇದಕ್ಕೇ.

ಈ ಕೆಲಸಕ್ಕೆ ಬಳಸುವ ಚಿಕ್ಕ ಯಂತ್ರವನ್ನು ಟೆನ್ಸ್ ಅನ್ನುತ್ತಾರೆ. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದು, ಅನೇಕವು 9 ವೋಲ್ಟಿನ ಸಣ್ಣ ಚೌಕ ಬ್ಯಾಟರಿಯಲ್ಲೇ ನಡೆಯುತ್ತವೆ. ಗೋಡೆಯ ಕರೆಂಟಿಗೂ ಇದಕ್ಕೂ ಸಂಬಂಧವಿಲ್ಲ ಅಂತ ತೋರಿಸಿದ ಮೇಲೆ ನಮ್ಮ ಅತ್ತೆಯವರಿಗೂ ಧೈರ್ಯ ಬಂತು. ಒಂದು ಸೆಕೆಂಡಿಗೆ ಎಂಬತ್ತು ನೂರು ಸಲ ಮಿಡಿಯುವಂತೆ ಇಟ್ಟರೆ ಈ ಉಣುಗೋಲಿನ ಕೆಲಸ. ಎರಡು ನಾಲ್ಕು ಸಲ ನಿಧಾನ ಮಿಡಿಯುವಂತೆ ಇಟ್ಟು ಸ್ವಲ್ಪ ಜೋರು ಮಾಡಿದರೆ ಬೇರೆ ಕೆಲಸ: ಮೈಯೇ ತಯಾರಿಸುವ ಎಂಡಾರ್ಫಿನ್ ಎಂಬ ನೋವುನಿವಾರಕ ಹೊರಬರುತ್ತದೆ ಅನ್ನುತ್ತಾರೆ.

ನನಗೆ ಕೊಟ್ಟದ್ದು ಐ.ಎಫ್.ಟಿ. ಎಂಬ ದೊಡ್ಡ ಯಂತ್ರದಿಂದ. ಆಸ್ಟ್ರಿಯಾದ ನೆಮೆಕ್ ಎಂಬವರು 1950ರ ದಶಕದಲ್ಲಿ ಬಳಕೆಗೆ ತಂದದ್ದು. ಭಜನೆಯಲ್ಲಿ ಎರಡು ತಂಬೂರಿ ಕೂದಲೆಳೆಯಷ್ಟು ಹೆಚ್ಚುಕಡಿಮೆ ಶ್ರುತಿಯಾದಾಗ ಓಂ ಓಂ ಅಂತ ಅಲೆ ಏಳುತ್ತದಲ್ಲ, ಅದೇ ಉಪಾಯ. ಒಂದು ಜೋಡಿ ಬಿಲ್ಲೆಯಿಂದ ಸೆಕೆಂಡಿಗೆ 4000 ಸಲ, ಇನ್ನೊಂದು ಜೋಡಿಯಿಂದ 4100 ಸಲ. ಇಷ್ಟು ವೇಗದ ಕರೆಂಟನ್ನು ಚರ್ಮ ಅಷ್ಟಾಗಿ ತಡೆಯುವುದಿಲ್ಲ, ಚುಚ್ಚುವುದೂ ಇಲ್ಲ. ಒಳಗೆ ಎರಡೂ ಅಡ್ಡ ಹಾಯುವಲ್ಲಿ ವ್ಯತ್ಯಾಸದಷ್ಟು, ಅಂದರೆ ನೂರು ಮಿಡಿತ ಹುಟ್ಟುತ್ತದೆ. ನಾಲ್ಕು ಬಿಲ್ಲೆಗಳನ್ನು ಎದುರುಬದುರು ಕಟ್ಟುವುದು ಇದಕ್ಕೆ.

ಅಂದಹಾಗೆ, ನೋವಿಗೆ ಕರೆಂಟು ಹೊಸದೇನಲ್ಲ. ಎರಡು ಸಾವಿರ ವರ್ಷದ ಹಿಂದೆ ರೋಮಿನ ಸ್ಕ್ರಿಬೋನಿಯಸ್ ಎಂಬ ವೈದ್ಯ, ತಲೆನೋವಿಗೂ ಕಾಲಿನ ಸಂಧಿವಾತಕ್ಕೂ ಮೈಯಿಂದ ವಿದ್ಯುತ್ ಹೊಡೆಯುವ ಕಡಲಮೀನನ್ನು ಇಡಬೇಕೆಂದು ಬರೆದಿಟ್ಟಿದ್ದಾನೆ! ಶೃಂಗೇರಿಯ ನನ್ನ ನಾದಿನಿಗೆ ತುಂಗೆಯ ಮೆಟ್ಟಿಲ ಮೇಲೆ ಮೀನಿಗೆ ಪುರಿ ಹಾಕುತ್ತ ಇದನ್ನು ಹೇಳಿದೆ. "ಅತ್ತಿಗೆ, ನಮ್ಮ ದೇವರ ಮೀನು ಹಾಗೆಲ್ಲ ಮಾಡೋದಿಲ್ಲ ಕಣ್ರೀ" ಅಂದಳು ಪಾಪ.

ಮಂಡಿಯ ಮಾತು

ಆ ನಾದಿನಿಗೆ ಐವತ್ತೆರಡು, ಎರಡೂ ಮಂಡಿ ಸವೆತ. ನನ್ನ ಹೆಗಲು ನೋಡಿ ತಾನೂ ಕರೆಂಟು ಕೊಡಿಸಿಕೊಂಡಳು. ಎರಡು ತಿಂಗಳು ವಾರಕ್ಕೆ ಮೂರು ದಿನ. ಕೊಟ್ಟ ದಿನ ಹಾಯಿ, ಮರುದಿನ ಅದೇ ಹಾಡು. ಅವಳಿಗೆ ಬೇಸರ, ನನಗೆ ಅಪರಾಧ ಭಾವ.

ಇಲ್ಲಿ ಒಂದು ಸತ್ಯ ಹೇಳಬೇಕು. ಎಲ್ಲ ನೋವಿಗೂ ಕರೆಂಟು ಮದ್ದು ಅಂತ ದೊಡ್ಡ ವೈದ್ಯರು ಒಪ್ಪುವುದಿಲ್ಲ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಇಲಾಖೆಗೆ ಸಲಹೆ ಕೊಡುವ ನೈಸ್ ಎಂಬ ಸಂಸ್ಥೆ ಇದೆ. ಅದು 2016ರಲ್ಲಿ ಸೊಂಟನೋವಿಗೆ, 2022ರಲ್ಲಿ ಕೀಲು ಸವೆತಕ್ಕೆ, ಟೆನ್ಸ್ ಮತ್ತು ಐ.ಎಫ್.ಟಿ.ಗಳನ್ನು ಕೊಡಬೇಡಿ ಎಂದೇ ಹೇಳಿದೆ. ಉಪಯೋಗವಿದೆ ಎನ್ನುವುದಕ್ಕೆ ಸಾಕಷ್ಟು ಆಧಾರ ಸಿಗಲಿಲ್ಲವೆಂದು. ಮಂಡಿ ಸವೆತಕ್ಕೆ ಅವರು ಮೊದಲು ಹೇಳುವುದು ವ್ಯಾಯಾಮ, ತೂಕ ಇಳಿಸುವುದು. ನಮ್ಮಲ್ಲಿ ಇನ್ನೂ ಎಲ್ಲ ಕಡೆ ಕೊಡುತ್ತಾರೆ, ಮಲಗಿ ಎದ್ದವರಿಗೆ ಆ ದಿನದ ಮಟ್ಟಿಗೆ ಹಿತವಾಗುವುದೂ ಸುಳ್ಳಲ್ಲ. ನನ್ನನ್ನು ಕೇಳಿದರೆ, ಆ ಹಿತದ ಅರ್ಧ ಗಂಟೆಯಲ್ಲಿ ಏನಾದರೂ ಮಾಡುತ್ತೀರಾದರೆ ದುಡ್ಡು ಕೊಡಿ, ಎದ್ದು ಸೀದಾ ಬಸ್ಸು ಹತ್ತುವುದಾದರೆ ಕೊಡಬೇಡಿ.

ನಾದಿನಿಗೆ ಈಗ ಕರೆಂಟಿಲ್ಲ. ಕುರ್ಚಿಯಲ್ಲಿ ಕೂತು ಕಾಲು ನೀಟಾಗಿ ಚಾಚಿ, ತೊಡೆಯ ಮುಂಭಾಗ ಬಿಗಿಹಿಡಿದು ಹತ್ತು ಎಣಿಸುವುದು, ದಿನಕ್ಕೆ ಮೂರು ಹೊತ್ತು. ದೋಸೆ ಹುಯ್ಯುವಾಗ ಒಂದು ಕಾವಲಿಗೂ ಇನ್ನೊಂದಕ್ಕೂ ನಡುವೆ ಮಾಡುತ್ತಾಳಂತೆ! ನೆಲದ ಮೇಲೆ ಕೂತು ತರಕಾರಿ ಹೆಚ್ಚುವುದನ್ನು ಬಿಟ್ಟಿದ್ದಾಳೆ. ಮಂಡಿ ಹೊಸದಾಗಿಲ್ಲ, ಆದರೆ ಮಠದ ಊಟದ ಸಾಲಿಗೆ ನಡೆದು ಹೋಗಿ ಬರುತ್ತಾಳೆ.

ಬಾಯಿ ಓರೆಯಾದರೆ

ಇನ್ನೊಂದು ಬಗೆಯ ಕರೆಂಟು ಇದೆ, ನೋವಿಗಲ್ಲ, ಸ್ನಾಯು ಕುಣಿಸುವುದಕ್ಕೆ. ಇಟಲಿಯ ಗ್ಯಾಲ್ವನಿ ಸತ್ತ ಕಪ್ಪೆಯ ಕಾಲು ವಿದ್ಯುತ್ತಿಗೆ ಕುಣಿದದ್ದನ್ನು 1791ರಲ್ಲಿ ಪ್ರಕಟಿಸಿದ ಅಂತ ಶಾಲೆಯಲ್ಲಿ ಓದಿದ್ದು ನೆನಪಿದೆಯೇ? ಅದೇ. ಮಂಡಿ ಆಪರೇಷನ್ ಆದ ಮೇಲೆ ತೊಡೆಯ ಸ್ನಾಯು ಮಂಕಾಗಿ ಕೂತಿದ್ದರೆ ಅದನ್ನು ಎಬ್ಬಿಸಲು, ಲಕ್ವ ಹೊಡೆದವರ ಮಣಿಕಟ್ಟು, ಪಾದ ಎತ್ತಿಸಲು ಬಳಸುತ್ತಾರೆ. ಅಲ್ಲೂ ರೋಗಿ ಸುಮ್ಮನೆ ಮಲಗಿದ್ದರೆ ಸಾಲದು. ಯಂತ್ರ ಎತ್ತುವಾಗ ತಾನೂ ಮನಸ್ಸಿಟ್ಟು ಎತ್ತಬೇಕು.

ನಮ್ಮ ಪಕ್ಕದ ಮನೆಯ ಸೊಸೆಗೆ ಹೋದ ಮಳೆಗಾಲ ಬೆಳಿಗ್ಗೆ ಎದ್ದಾಗ ಬಾಯಿ ಒಂದು ಕಡೆ ಎಳೆದಿತ್ತು, ಒಂದು ಕಣ್ಣು ಮುಚ್ಚುತ್ತಿಲ್ಲ, ಬಾಯಿ ಮುಕ್ಕಳಿಸಿದರೆ ನೀರು ಸೋರುತ್ತದೆ. ಚಿಕ್ಕ ಮಗುವಿನ ತಾಯಿ, ಮುಖ ಮುಚ್ಚಿಕೊಂಡು ಅಳು. ಮನೆಯವರು, "ಕರೆಂಟು ಕೊಡಿಸಿದರೆ ಸರಿಯಾಗ್ತದಂತೆ" ಅಂತ ಹೊರಟಿದ್ದರು. ನಾನು ನ.ರಾ.ಪುರದ ಹುಡುಗಿಗೆ ಫೋನು ಮಾಡಿದೆ. ಅವಳು ಒಂದೇ ಉಸಿರಿಗೆ ಹೇಳಿದ್ದು ಹೀಗೆ: ಮುಖದ ಜೊತೆ ಕೈಕಾಲಿನ ಬಲ ಕಡಿಮೆಯಾಗಿದ್ದರೆ, ಮಾತು ತೊದಲಿದರೆ, ಅದು ಮಿದುಳಿನ ಆಘಾತ. ಒಂದು ನಿಮಿಷ ತಡಮಾಡದೆ 108ಕ್ಕೆ ಕರೆಮಾಡಿ. ರಕ್ತದ ಗರಣೆ ಕರಗಿಸುವ ಚುಚ್ಚುಮದ್ದು ಕೊಡಲು ಇರುವುದು ಸುಮಾರು ನಾಲ್ಕೂವರೆ ಗಂಟೆ. ನಮ್ಮಂಥವರು ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೋ, ಇತ್ತ ಶಿವಮೊಗ್ಗಕ್ಕೋ ಮುಟ್ಟಬೇಕಲ್ಲ! ಬರೀ ಮುಖ ಮಾತ್ರ ಆದರೆ ಬೆಲ್ಸ್ ಪಾಲ್ಸಿ ಇರಬಹುದು, ಆದರೂ ವೈದ್ಯರೇ ಹೇಳಬೇಕು. ಅದಕ್ಕೆ ಮೂರು ದಿನದೊಳಗೆ ಸ್ಟಿರಾಯ್ಡ್ ಮಾತ್ರೆ ಶುರುವಾಗಬೇಕು. ಕರೆಂಟಿಗೆ ಅಲೆಯುತ್ತ ಆ ಮೂರು ದಿನ ಕಳೆಯಬಾರದು.

ವೈದ್ಯರಲ್ಲಿಗೆ ಹೋದರು, ಎರಡನೆಯದೇ ಆಗಿತ್ತು. ಮಾತ್ರೆ, ಕಣ್ಣು ಒಣಗದಂತೆ ಹನಿಮದ್ದು, ರಾತ್ರಿ ಕಣ್ಣಿಗೆ ಪಟ್ಟಿ, ಕನ್ನಡಿ ಮುಂದೆ ಮುಖದ ವ್ಯಾಯಾಮ. ಮೂರು ತಿಂಗಳಲ್ಲಿ ನಗು ನೆಟ್ಟಗಾಯಿತು. ಈ ಕಾಯಿಲೆಯಲ್ಲಿ ಹತ್ತರಲ್ಲಿ ಏಳು ಜನಕ್ಕೆ ತಾನಾಗಿಯೇ ಪೂರ್ತಿ ವಾಸಿಯಾಗುತ್ತದೆ. ಮಾತ್ರೆ ಆ ಲೆಕ್ಕವನ್ನು ಇನ್ನೂ ಮೇಲೇರಿಸುತ್ತದೆ. ಕರೆಂಟು ಕೊಡಿಸಿದವರು ಕರೆಂಟಿನಿಂದ ಅನ್ನುತ್ತಾರೆ, ಪಾರಿವಾಳದ ರಕ್ತ ಹಚ್ಚಿದವರು ಪಾರಿವಾಳದಿಂದ ಅನ್ನುತ್ತಾರೆ.

ಯಾರಿಗೆ ಕೂಡದು

ಎದೆಯೊಳಗೆ ಪೇಸ್‌ಮೇಕರ್ ಇಟ್ಟವರು ಈ ಯಂತ್ರಗಳ ಹತ್ತಿರ ಹೋಗುವ ಮುಂಚೆ ಹೃದಯದ ವೈದ್ಯರನ್ನು ಕೇಳಲೇಬೇಕು. ಬಸುರಿಯರ ಹೊಟ್ಟೆಗೂ ಸೊಂಟಕ್ಕೂ ಬೇಡ. ತಿಂಗಳು ತಪ್ಪಿದ್ದು ಇನ್ನೂ ಯಾರಿಗೂ ಹೇಳಿಲ್ಲವಾದರೂ ಚಿಕಿತ್ಸೆಯವರಿಗೆ ಮಾತ್ರ ಹೇಳಿಬಿಡಿ. ಕತ್ತಿನ ಮುಂಭಾಗಕ್ಕೆ, ಕಣ್ಣಿಗೆ, ಹುಣ್ಣು ಗಾಯಕ್ಕೆ, ಕ್ಯಾನ್ಸರ್ ಗಡ್ಡೆ ಇರುವ ಜಾಗಕ್ಕೆ, ರಕ್ತ ಹೆಪ್ಪುಗಟ್ಟಿ ಊದಿದ ಕಾಲಿಗೆ ಕೂಡದು. ಮೂರ್ಛೆರೋಗ ಇರುವವರು ಮೊದಲೇ ತಿಳಿಸಬೇಕು. ಮೂಳೆಗೆ ಸರಳು ಹಾಕಿಸಿಕೊಂಡವರೂ ಅಷ್ಟೆ. ಶಾಖ ಕೊಡುವ ಡಯಾಥರ್ಮಿ ಎಂಬ ಬೇರೊಂದು ಯಂತ್ರವಿದೆ, ಅದು ಲೋಹವನ್ನು ಕಾಯಿಸುತ್ತದೆ.

ಹೆಗಲಿಗೆ, ಕತ್ತಿಗೆ ಕೊಡುವಾಗ ಕರಿಮಣಿ, ಸರ, ಬಳೆ ತೆಗೆಯಲು ಹೇಳುತ್ತಾರೆ. ನಮ್ಮ ಮಂದಿಗೆ ಕರಿಮಣಿ ತೆಗೆಯಲು ಮನಸ್ಸು ಒಪ್ಪುವುದಿಲ್ಲ. ನಾನು ಬಾಯಿಬಿಟ್ಟು ಕೇಳಿದೆ. ಬಿಲ್ಲೆಗೆ ತಾಗದಂತೆ ಇನ್ನೊಂದು ಕಡೆಗೆ ಸರಿಸಿ ಬಟ್ಟೆ ಸುತ್ತಿದಳು. ಡಯಾಥರ್ಮಿಗಾದರೆ ತೆಗೆಯಲೇಬೇಕು, ಅಲ್ಲಿ ಮೊಂಡು ಹಿಡಿಯಬೇಡಿ.

ಜುಮು ಜುಮು ಹಿತವಾಗಿರಬೇಕು. ಹೆಚ್ಚು ಕೊಟ್ಟರೆ ಬೇಗ ವಾಸಿ ಎಂದು ಹಲ್ಲು ಕಚ್ಚಿ ತಡೆದುಕೊಳ್ಳುವುದು ದಡ್ಡತನ. ಉರಿದರೆ ತಕ್ಷಣ ಹೇಳಿ. ನಮ್ಮ ಕಡೆ ಜೂನ್ ಜುಲೈನಲ್ಲಿ ಕರೆಂಟು ಇದ್ದದ್ದಕ್ಕಿಂತ ಹೋದದ್ದೇ ಹೆಚ್ಚು. ಆ ಹುಡುಗಿ ಕರೆಂಟು ಹೋದ ಕೂಡಲೇ ಯಂತ್ರದ ಗುಂಡಿಯನ್ನು ಸೊನ್ನೆಗೆ ತಿರುಗಿಸುತ್ತಿದ್ದಳು. ಹಳೆಯ ಯಂತ್ರವಾದರೆ, ಕರೆಂಟು ತಿರುಗಿ ಬಂದಾಗ ಒಮ್ಮೆಗೇ ಝಾಡಿಸಬಾರದಲ್ಲ! ಇಂಥ ಸಣ್ಣ ಅಭ್ಯಾಸದಲ್ಲೇ ಒಳ್ಳೆಯವರು ಗೊತ್ತಾಗುತ್ತಾರೆ.

ಮನೆಗೇ ಒಂದು ತಂದರೆ? ಸಣ್ಣ ಟೆನ್ಸ್ ಯಂತ್ರ ತರಬಹುದು, ಆದರೆ ಎಲ್ಲಿ ಅಂಟಿಸಬೇಕು, ಎಷ್ಟಿಡಬೇಕು ಎಂಬುದನ್ನು ಕಲಿತ ಮೇಲೆ. ಒದ್ದೆ ಕೈಯಲ್ಲಿ ಮುಟ್ಟಬಾರದು, ಹಚ್ಚಿಕೊಂಡು ನಿದ್ದೆ ಹೋಗಬಾರದು, ಯಂತ್ರ ನಡೆಯುತ್ತಿರುವಾಗ ಬಿಲ್ಲೆ ಕೀಳಬಾರದು. ಛತ್ರಗಳಲ್ಲಿ ಉಚಿತ ಶಿಬಿರ ಅಂತ ಹೂಡಿ, ವಾರಗಟ್ಟಲೆ ಪುಕ್ಕಟೆ ಕೂರಿಸಿ, ಕೊನೆಗೆ ಹತ್ತಾರು ಸಾವಿರದ ಕಾಲಿನ ಯಂತ್ರ ಮಾರುವವರು ಇದ್ದಾರಲ್ಲ, ಅವರ ಬಗ್ಗೆ ಮಾತ್ರ ಎಚ್ಚರ. ನಮ್ಮ ಓರಗಿತ್ತಿಗೆ, "ಇದರಲ್ಲಿ ಕಾಲಿಟ್ಟರೆ ಸಕ್ಕರೆಯೂ ಇಳಿಯುತ್ತದೆ, ಬಿ.ಪಿ.ಯೂ ಇಳಿಯುತ್ತದೆ, ಮಾತ್ರೆ ಬೇಡ" ಅಂದರಂತೆ. ಅವಳು ಮಾತ್ರೆ ಬಿಟ್ಟು ಇಪ್ಪತ್ತು ದಿನಕ್ಕೆ ಆಸ್ಪತ್ರೆ ಸೇರಿದಳು. ಆ ಯಂತ್ರ ಈಗ ಅವರ ಅಟ್ಟದಲ್ಲಿ ಬಾಳೆಗೊನೆಯ ಪಕ್ಕ ಕೂತಿದೆ.

ಗೋಡೆಯ ಮೇಲಿನ ಗೆರೆ

ನ.ರಾ.ಪುರದಲ್ಲಿ ಉಳಿದ ದಿನಗಳಲ್ಲಿ ನನಗೆ ಆರು ಸಲ ಕರೆಂಟು ಕೊಟ್ಟರು. ಆಮೇಲೆ ತಿಂಗಳಿಗೊಮ್ಮೆ ಹೋಗಿ ತೋರಿಸಿ ಬರುತ್ತಿದ್ದೆ. ಉಳಿದದ್ದೆಲ್ಲ ಮನೆಯಲ್ಲಿ. ಬೆಳಿಗ್ಗೆ ಸ್ನಾನದ ಬಿಸಿನೀರು ಹೆಗಲಿಗೆ ಹೊಯ್ದುಕೊಂಡ ಕೂಡಲೇ ಲೋಲಕ, ಗೋಡೆ ಹತ್ತುವುದು, ಕೋಲು. ಕೊಟ್ಟಿಗೆಯ ತೊಲೆಗೆ ಬಾವಿಯ ಹಳೇ ರಾಟೆ ಕಟ್ಟಿ, ಹಗ್ಗದ ಎರಡು ತುದಿ ಹಿಡಿದು, ಎಡಗೈಯಿಂದ ಎಳೆದು ಬಲಗೈ ಎತ್ತುವುದು. ದನಗಳು ತಿರುಗಿ ತಿರುಗಿ ನೋಡುತ್ತಿದ್ದವು.

ಅಡಿಗೆಮನೆಯ ಗೋಡೆಯ ಮೇಲೆ ಬೆರಳು ಮುಟ್ಟಿದಲ್ಲಿ ಪ್ರತಿ ಸೋಮವಾರ ಸೀಮೆಸುಣ್ಣದಲ್ಲಿ ಒಂದು ಗೆರೆ. ಮೊದಲ ಗೆರೆ ನನ್ನ ಭುಜದ ಮಟ್ಟಕ್ಕೆ ಇತ್ತು. ಕೆಲವು ವಾರ ಒಂದು ನೂಲಿನಷ್ಟೂ ಏರುತ್ತಿರಲಿಲ್ಲ, ಎರಡು ವಾರ ಇಳಿದದ್ದೂ ಉಂಟು. ಆ ಎರಡು ವಾರವೂ ಶ್ರಾದ್ಧ, ಹಬ್ಬ ಅಂತ ವ್ಯಾಯಾಮ ಬಿಟ್ಟಿದ್ದೆ. ಈ ಹೆಗಲು ಹಿಡಿತ ಬಿಡಲು ಒಂದರಿಂದ ಮೂರು ವರ್ಷ ಬೇಕು ಎಂದು ಹುಡುಗಿ ಮೊದಲೇ ಹೇಳಿದ್ದಳು. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಇನ್ನೂ ತಡ. ಮೊದಲೇ ಹೇಳಿದ್ದರಿಂದ ಧೈರ್ಯಗೆಡಲಿಲ್ಲ. ದೀಪಾವಳಿಗೆ ಮುನ್ನ ನಮ್ಮವರು ಸುಣ್ಣ ಬಳಿಯಲು ಬಂದು, "ಇದೆಂಥದು ಗೋಡೆ ತುಂಬ?" ಅಂದರು. ಅಷ್ಟು ಜಾಗ ಬಿಟ್ಟು ಬಳಿಯಿರಿ ಅಂದೆ. ಬಿಟ್ಟು ಬಳಿದರು.

ಮೊನ್ನೆ, 2025ರ ಜೂನ್‌ನಲ್ಲಿ, ನಾಗಂದಿಗೆಯ ಮೇಲಿನ ಅಪ್ಪೆಮಿಡಿಯ ಭರಣಿಗೆ ಕುರ್ಚಿಯಿಲ್ಲದೆ ಕೈ ಸಿಕ್ಕಿತು. ಇಳಿಸುವುದಕ್ಕೆ ಮಾತ್ರ ಮಗನನ್ನೇ ಕರೆದೆ. ತುಂಬಿದ ಭರಣಿ, ಏಳು ಕೇಜಿ ಇದೆ.